ಮುರಕಲ್ಲಿನ ಗೋಡೆಯಾಚೆ ಸೊರಗುವ ವೈಫೈ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಮನೆಯಿಂದ ಕೆಲಸ ಮಾಡುವವರದೇ ಹೆಚ್ಚು. ಊರು ಬೇರೆ, ಮನೆ ಬೇರೆ, ದೂರು ಒಂದೇ: ಮೀಟಿಂಗ್ ನಡುವೆ ನೆಟ್ ಕೈಕೊಡುತ್ತದೆ. ಕಾರಣಗಳು ಮಾತ್ರ ಒಂದರ ಹಾಗೆ ಇನ್ನೊಂದಿಲ್ಲ. ಮೊದಲ ಉತ್ತರ ಸ್ವಲ್ಪ ಉದ್ದವಾಗಿದೆ. ಉಳಿದವರಿಗೂ ಅದರಲ್ಲಿರುವ ಪರೀಕ್ಷೆ ಬೇಕಾಗುವುದರಿಂದ ಹಾರಿಸದೆ ಓದಿ.

ಪ್ರಶ್ನೆ: ನಮ್ಮದು ಮುರಕಲ್ಲಿನ ಹಳೆ ಮನೆ, ಮೇಲೆ ಹಂಚು. ಫೈಬರ್ ಬಂದಿರುವುದು ಎದುರಿನ ಚಾವಡಿಗೆ. ನಾನು ಕೆಲಸಕ್ಕೆ ಕೂರುವುದು ಹಿಂದಿನ ಕೋಣೆಯಲ್ಲಿ, ನಡುವೆ ಮೂರು ಗೋಡೆ. ಚಾವಡಿಯಲ್ಲಿ 95 ಎಂಬಿಪಿಎಸ್ ಬರುವುದು ಇಲ್ಲಿ 4ಕ್ಕೆ ಇಳಿಯುತ್ತದೆ. ಮಳೆಗಾಲದಲ್ಲಿ ಅದೂ ಇಲ್ಲ. 100ರ ಪ್ಲಾನ್ ಬಿಟ್ಟು 300ರದ್ದು ಹಾಕಿಸಿದರೆ ಸರಿಯಾದೀತೇ?
— ಬಂಟ್ವಾಳದ ಓದುಗರು

ಉತ್ತರ: ಆಗಲಿಕ್ಕಿಲ್ಲ. ಚಾವಡಿಯಲ್ಲಿ 95 ಬರುತ್ತಿದೆ ಎಂದಮೇಲೆ ಲೈನ್ ಸರಿಯಾಗಿಯೇ ಇದೆ. 300ರ ಪ್ಲಾನ್ ಹಾಕಿಸಿದರೆ ಚಾವಡಿಯಲ್ಲಿ 300 ಬಂದೀತು, ಹಿಂದಿನ ಕೋಣೆಯಲ್ಲಿ ಅದೇ 4. ವಿಡಿಯೊ ಮೀಟಿಂಗಿಗೆ ಬೇಕಾದದ್ದು ಹೋಗಲಿಕ್ಕೆ ಮೂರು-ನಾಲ್ಕು, ಬರಲಿಕ್ಕೆ ಮೂರು-ನಾಲ್ಕು ಎಂಬಿಪಿಎಸ್. ಅಷ್ಟು ಸಾಕು, ಆದರೆ ತಡವರಿಸದೆ ಬರಬೇಕು.

ತಡವರಿಕೆ ಎಲ್ಲಿಯದು ಎಂದು ಮೊದಲು ಖಚಿತ ಮಾಡಿಕೊಳ್ಳಿ. ಕೆಲಸದ ಕೋಣೆಯಲ್ಲೇ ಕೂತು ಲ್ಯಾಪ್‌ಟಾಪಿನಲ್ಲಿ ಎರಡು ಕಮಾಂಡ್ ಪ್ರಾಂಪ್ಟ್ ತೆರೆಯಿರಿ. ಒಂದರಿಂದ ರೌಟರಿನ ವಿಳಾಸಕ್ಕೆ (ಹೆಚ್ಚಿನ ಕಡೆ 192.168.1.1), ಇನ್ನೊಂದರಿಂದ 8.8.8.8ಕ್ಕೆ (ಹೊರಗಿರುವ ಗೂಗಲ್ ಸರ್ವರಿನ ವಿಳಾಸ) ಪಿಂಗ್ ಹಾಕಿ. ಅಂದರೆ ping ಎಂದು ಬರೆದು, ಜಾಗ ಬಿಟ್ಟು ವಿಳಾಸ ಕೊಟ್ಟು ಎಂಟರ್ ಒತ್ತಿ; ಅಲ್ಲಿಂದ ಉತ್ತರ ಬರಲು ಎಷ್ಟು ಹೊತ್ತು ಹಿಡಿಯಿತೆಂದು ಅದು ತೋರಿಸುತ್ತದೆ. ವಿಂಡೋಸ್‌ನಲ್ಲಾದರೆ ಕೊನೆಗೊಂದು ಹೈಫನ್ ಮತ್ತು ಟಿ ಅಕ್ಷರ ಸೇರಿಸಿ; ನೀವಾಗಿ ನಿಲ್ಲಿಸುವ ತನಕ ಓಡುತ್ತಿರುತ್ತದೆ. ಐದು ನಿಮಿಷ ನೋಡಿ. ರೌಟರಿನ ಉತ್ತರ 10 ಮಿಲಿಸೆಕೆಂಡಿನೊಳಗೆ ಬರುತ್ತಿರಬೇಕು. ಅದೇ 200, 400 ಎಂದು ಜಿಗಿಯುತ್ತಿದ್ದರೆ, ನಡುನಡುವೆ ‘ರಿಕ್ವೆಸ್ಟ್ ಟೈಮ್ಡ್ ಔಟ್’ ಎನ್ನುತ್ತಿದ್ದರೆ ತೊಂದರೆ ಮನೆಯೊಳಗಿನ ವೈಫೈಯದ್ದು. ರೌಟರಿನದು ನೆಟ್ಟಗಿದ್ದು 8.8.8.8 ಮಾತ್ರ ತಪ್ಪುತ್ತಿದ್ದರೆ ಹೊರಗಿನ ಲೈನಿನದ್ದು. ಆಗ ನೀವು ಮನೆಯಲ್ಲಿ ಏನು ತಿರುಗಿಸಿದರೂ ಪ್ರಯೋಜನವಿಲ್ಲ, ಕಂಪನಿಯವರಿಗೇ ಹೇಳಬೇಕು.

ಇನ್ನು ಸಿಗ್ನಲ್. ಫೋನಿನ ಮೂಲೆಯಲ್ಲಿ ಕಾಣುವ ಕಡ್ಡಿಗಳನ್ನು ನಂಬಬೇಡಿ, ಒಂದೊಂದು ಕಂಪನಿಯ ಫೋನು ಒಂದೊಂದು ಲೆಕ್ಕದಲ್ಲಿ ತೋರಿಸುತ್ತದೆ. ಆಂಡ್ರಾಯ್ಡ್ ಫೋನಿಗೆ ಯಾವುದಾದರೊಂದು ವೈಫೈ ಅನಲೈಸರ್ ಆ್ಯಪ್ ಹಾಕಿಕೊಂಡರೆ ಡಿಬಿಎಂ (ಸಿಗ್ನಲ್ ಶಕ್ತಿಯ ಅಳತೆ) ಲೆಕ್ಕ ಸಿಗುತ್ತದೆ. ಮ್ಯಾಕ್ ಇದ್ದವರು ಆಪ್ಷನ್ ಕೀಲಿ ಒತ್ತಿ ಹಿಡಿದು ಮೇಲಿನ ವೈಫೈ ಚಿಹ್ನೆ ಒತ್ತಿದರೆ ಸಾಕು. ಸಂಖ್ಯೆ ಮೈನಸ್‌ನಲ್ಲಿರುತ್ತದೆ, ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. ಮೈನಸ್ 50 ಆಸುಪಾಸಿದ್ದರೆ ಉತ್ತಮ. ಮಾತುಕತೆ, ವಿಡಿಯೊ ಇರುವ ಕೆಲಸಕ್ಕೆ ಮೈನಸ್ 67ಕ್ಕಿಂತ ಕೆಳಗೆ ಹೋಗದಿದ್ದರೆ ಕ್ಷೇಮ. ಮೈನಸ್ 80ರಲ್ಲಿ ವಾಟ್ಸ್ಆ್ಯಪ್ ಸಂದೇಶ ಹೋದೀತು, ಮೀಟಿಂಗ್ ನಡೆಯದು. ಈ ಅಳತೆಯಲ್ಲಿ 3 ಅಂಕೆ ಇಳಿದರೆ ಶಕ್ತಿ ಅರ್ಧವಾಯಿತು ಎಂದರ್ಥ, 10 ಇಳಿದರೆ ಹತ್ತರಲ್ಲೊಂದು ಪಾಲು ಮಾತ್ರ ಉಳಿಯಿತು.

ಮುರಕಲ್ಲು ದಪ್ಪವೂ ಹೌದು, ಸಣ್ಣ ಸಣ್ಣ ತೂತುಗಳಿರುವ ಕಲ್ಲೂ ಹೌದು. ಆಟಿಯ ಮಳೆಗೆ ನೆನೆದ ಗೋಡೆ ನೀರು ಹಿಡಿದಿಟ್ಟುಕೊಳ್ಳುತ್ತದೆ, ನೀರು ವೈಫೈ ಅಲೆಗಳನ್ನು ಹೀರುತ್ತದೆ. ಮಳೆಗಾಲದಲ್ಲಿ ‘ಅದೂ ಇಲ್ಲ’ ಎಂದು ನೀವು ಬರೆದದ್ದಕ್ಕೆ ಇದೊಂದು ಕಾರಣ. ಮಳೆ ಇಲ್ಲದಾಗಲೂ ಸಿಗ್ನಲ್ ಸೊರಗಲು ಇನ್ನೊಂದು ಕಾರಣವಿದೆ: ಅಲೆ ಗೋಡೆಯನ್ನು ಓರೆಯಾಗಿ ಹಾದರೆ ಗೋಡೆ ಇನ್ನೂ ದಪ್ಪ. ಒಂಬತ್ತಿಂಚಿನ ಗೋಡೆಯನ್ನು 60 ಡಿಗ್ರಿ ಓರೆಯಲ್ಲಿ ದಾಟುವ ಅಲೆಗೆ ಅದು ಹದಿನೆಂಟಿಂಚಿನ ಗೋಡೆ. ರೌಟರ್ ಮನೆಯ ಒಂದು ಮೂಲೆಯಲ್ಲಿ, ನೀವು ಎದುರು ಮೂಲೆಯಲ್ಲಿ ಇದ್ದರೆ ಮೂರೂ ಗೋಡೆಗಳನ್ನು ಅದು ಓರೆಯಲ್ಲೇ ದಾಟಬೇಕು.

ಖರ್ಚಿಲ್ಲದ ಕೆಲಸ ಮೊದಲು ಮಾಡಿ. ರೌಟರ್ ಟಿವಿಯ ಹಿಂದೆ, ಶೋಕೇಸಿನೊಳಗೆ, ಕಬ್ಬಿಣದ ಬೀರುವಿನ ಪಕ್ಕ ಇದ್ದರೆ ಹೊರತೆಗೆಯಿರಿ. ದೊಡ್ಡ ಕನ್ನಡಿಯೂ ತಡೆಯೇ, ಅದರ ಬೆನ್ನಿಗೆ ಲೋಹದ ಲೇಪ ಇರುತ್ತದೆ. ಹಂಚಿನ ಮನೆಗೆ ಸ್ಲ್ಯಾಬಿನ ಮನೆಗಿಲ್ಲದ ಒಂದು ಅನುಕೂಲವಿದೆ. ಮೇಲೆ ಇರುವುದು ಮರದ ಮುಚ್ಚಿಗೆ, ಅದರ ಮೇಲೆ ಪಕ್ಕಾಸು, ಹಂಚು. ಅಲೆಗೆ ಮರ ಅಷ್ಟೇನೂ ತಡೆಯಲ್ಲ. ರೌಟರನ್ನು ಮೇಜಿನಿಂದ ಎತ್ತಿ ಗೋಡೆಯ ತಲೆಯ ಮಟ್ಟಕ್ಕೆ, ಮುಚ್ಚಿಗೆಗೆ ತಾಗುವಷ್ಟು ಮೇಲೆ ಕೂರಿಸಿದರೆ ಸಿಗ್ನಲ್ಲಿನ ಒಂದು ಪಾಲು ಕಲ್ಲನ್ನು ಬಿಟ್ಟು ಅಟ್ಟದ ಮೂಲಕ ಬರುತ್ತದೆ. ಜಾಗ ಬದಲಿಸುವಾಗ ಫೈಬರ್ ತಂತಿಯ ಬಗ್ಗೆ ಎಚ್ಚರ: ಬಳೆಗಿಂತ ಚಿಕ್ಕ ಸುತ್ತು ಸುತ್ತಬೇಡಿ, ಮೊಳೆಗೆ ಬಿಗಿದು ಕಟ್ಟಬೇಡಿ. ಒಳಗಿನ ಬೆಳಕು ಸೋರಿಹೋಗಿ ಪೆಟ್ಟಿಗೆಯ ಎಲ್‌ಒಎಸ್ ದೀಪ (ಫೈಬರಿನ ಬೆಳಕು ಬರುತ್ತಿಲ್ಲ ಎಂದು ಹೇಳುವುದು) ಕೆಂಪಾದರೆ ಇರುವ ನೆಟ್ಟೂ ಹೋಯಿತು.

ಇಷ್ಟರಿಂದ ಮೈನಸ್ 67 ಸಿಕ್ಕರೆ ಅಲ್ಲಿಗೆ ಬಿಡಿ. ಮೂರು ಕಲ್ಲುಗೋಡೆಯ ಆಚೆ ಸಿಗುವ ಸಂಭವ ಕಡಿಮೆ ಎಂದೇ ನಮ್ಮ ಅಂದಾಜು. ಆಮೇಲಿನ ದಾರಿ ತಂತಿ. ಗೋಡೆಯ ಹತ್ತಿರ ಗುದ್ದಾಡುವುದು ಬಿಟ್ಟು ಹಿಂದಿನ ಕೋಣೆಗೆ ಒಂದು ಲ್ಯಾನ್ ಕೇಬಲ್ ಎಳೆದು ಅಲ್ಲೇ ಇನ್ನೊಂದು ವೈಫೈ ಕೂರಿಸಿ. ಎಂಟು ಕೊಂಬಿನ ದುಬಾರಿ ರೌಟರಿಗಿಂತ ಇದು ಅಗ್ಗ, ಫಲವೂ ಖಚಿತ. ಕೊಂಬು ಎಷ್ಟಿದ್ದರೂ ನಿಮ್ಮ ಲ್ಯಾಪ್‌ಟಾಪು ತನ್ನ ಪುಟ್ಟ ಆಂಟೆನಾದಿಂದ ಅಷ್ಟೇ ಗೋಡೆ ದಾಟಿ ತಿರುಗಿ ಉತ್ತರ ಕೊಡಬೇಕಲ್ಲ! ರೌಟರ್ ಎಷ್ಟು ಜೋರಾಗಿ ಕೂಗಿದರೂ ಲ್ಯಾಪ್‌ಟಾಪಿನ ದನಿ ಏರುವುದಿಲ್ಲ.

ಕೇಬಲ್ ‘ಕ್ಯಾಟ್ 6’ ತನ್ನಿ, ಒಳಗಿನ ಎಳೆಗಳು ಪೂರ್ತಿ ತಾಮ್ರದ್ದಿರಲಿ. ಅಂಗಡಿಯಲ್ಲಿ ಸಿಸಿಎ ಎಂದು ಅಗ್ಗದ ಮಾಲು ಸಿಗುತ್ತದೆ. ಅದು ತಾಮ್ರದ ಲೇಪವಿರುವ ಅಲ್ಯೂಮಿನಿಯಂ. ತುದಿಯನ್ನು ಚಾಕುವಿನಿಂದ ಹೆರೆದರೆ ಬೆಳ್ಳಗೆ ಕಾಣುತ್ತದೆ, ನಾಲ್ಕು ಸಲ ಬಗ್ಗಿಸಿದರೆ ಮುರಿಯುತ್ತದೆ. ಉದ್ದ ಅಳೆಯುವಾಗ ನೆಲದ ಅಳತೆಯೊಂದೇ ಸಾಲದು. ಗೋಡೆ ಹತ್ತಿ ಅಟ್ಟದಲ್ಲಿ ಹಾದು ಇಳಿಯುವುದನ್ನೂ ಸೇರಿಸಿ, ಎರಡು ತುದಿಗೆ ಒಂದೊಂದು ಮೀಟರ್ ಹೆಚ್ಚು ಇಟ್ಟುಕೊಳ್ಳಿ. ಒಟ್ಟು 100 ಮೀಟರ್ ಮೀರಬಾರದು. ಅಟ್ಟದಲ್ಲಿ ಇಲಿ ಇರುವ ಮನೆಯಾದರೆ 20 ಮಿಲಿಮೀಟರಿನ ಪಿವಿಸಿ ಪೈಪಿನೊಳಗೆ ಹಾಕಿ. ಕರೆಂಟಿನ ವಯರಿನ ಜತೆಗೆ ಒಂದೇ ಪೈಪಿನಲ್ಲಿ ಹಾಕಬೇಡಿ, ಸಮಾನಾಂತರವಾಗಿ ಹೋಗುವಲ್ಲಿ ಒಂದು ಗೇಣಾದರೂ ದೂರವಿರಲಿ.

ತುದಿಗೆ ಪ್ಲಗ್ ಹಾಕುವ ಮೊದಲೇ ಕೇಬಲ್ಲನ್ನು ಗೋಡೆಯಿಂದ ದಾಟಿಸಿ. ಬರಿಯ ಕೇಬಲ್ಲಿಗೆ 8 ಮಿಲಿಮೀಟರಿನ ತೂತು ಸಾಕು, ಪ್ಲಗ್ ಸಮೇತವಾದರೆ ಅದರ ಹೆಚ್ಚುಕಡಿಮೆ ಎರಡರಷ್ಟು ಬೇಕು. ಹೊರಗೋಡೆಯಾದರೆ ತೂತು ಒಳಗಿನಿಂದ ಹೊರಗೆ ಇಳಿಜಾರಾಗಿರಲಿ, ಇಲ್ಲದಿದ್ದರೆ ಮಳೆನೀರು ಕೇಬಲ್ ಹಿಡಿದುಕೊಂಡೇ ಒಳಗೆ ಬರುತ್ತದೆ. ಪ್ಲಗ್ಗಿನ ಬಣ್ಣದ ಸಾಲು ಹೀಗೆ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಎರಡೂ ತುದಿಗೆ ಇದೇ ಸಾಲು. ಎಳೆಗಳ ಹುರಿ ಬಿಚ್ಚುವುದು ಅರ್ಧ ಇಂಚು ಮಾತ್ರ. ಜೋಡಿಸಿದ ಮೇಲೆ ಲ್ಯಾಪ್‌ಟಾಪಿಗೆ ನೇರವಾಗಿ ಚುಚ್ಚಿ ಸೆಟ್ಟಿಂಗ್ಸ್‌ನಲ್ಲಿ ಲಿಂಕ್ ಸ್ಪೀಡ್ ನೋಡಿ. ಲ್ಯಾಪ್‌ಟಾಪು, ರೌಟರು ಎರಡರ ಪೋರ್ಟೂ ಗಿಗಾಬಿಟ್ಟಿನದಾಗಿದ್ದು 1000ದ ಬದಲು 100 ತೋರಿಸುತ್ತಿದ್ದರೆ ನೀಲಿ ಅಥವಾ ಕಂದು ಜೋಡಿಯಲ್ಲೊಂದು ಎಳೆ ಕಚ್ಚಿಕೊಂಡಿಲ್ಲ. 100ಕ್ಕೆ ಕಿತ್ತಳೆ, ಹಸಿರು ಎರಡು ಜೋಡಿ ಸಾಕು, 1000ಕ್ಕೆ ಎಂಟೂ ಎಳೆ ಬೇಕು.

ಮೂಲೆಯಲ್ಲಿ ಬಿದ್ದಿರುವ ಹಳೆ ರೌಟರ್ ಇದ್ದರೆ ಅದೇ ಆದೀತು. ರೀಸೆಟ್ ಮಾಡಿ, ಅದರೊಳಗೆ ‘ಆಕ್ಸೆಸ್ ಪಾಯಿಂಟ್ ಮೋಡ್’ (ತಂತಿಯಲ್ಲಿ ಬಂದ ನೆಟ್ಟನ್ನು ವೈಫೈಯಾಗಿ ಹಂಚುವುದಷ್ಟೇ ಕೆಲಸ) ಇದೆಯೇ ನೋಡಿ. ಇದ್ದರೆ ಒತ್ತಿದರಾಯಿತು. ಇಲ್ಲದಿದ್ದರೆ ಕೈಯಿಂದಲೇ ಮಾಡಬೇಕು: ಅದರ ವಿಳಾಸವನ್ನು 192.168.1.2 ಮಾಡಿ (ಚಾವಡಿಯದು 192.168.1.1 ಆಗಿದ್ದರೆ), ಡಿಎಚ್‌ಸಿಪಿ (ಫೋನು, ಲ್ಯಾಪ್‌ಟಾಪುಗಳಿಗೆ ವಿಳಾಸ ಹಂಚುವ ಕೆಲಸ) ಆಫ್ ಮಾಡಿ, ವೈಫೈ ಹೆಸರು, ಪಾಸ್‌ವರ್ಡ್, ಭದ್ರತೆಯ ಬಗೆ ಮೂರನ್ನೂ ಚಾವಡಿಯದರಂತೆಯೇ ಕೊಡಿ, ಚಾನೆಲ್ ಮಾತ್ರ ಬೇರೆ ಇಡಿ. ಆಮೇಲೆ ಚಾವಡಿಯ ಪೆಟ್ಟಿಗೆಯ ಲ್ಯಾನ್ ಪೋರ್ಟಿನಿಂದ ಬಂದ ಕೇಬಲ್ಲನ್ನು ಇದರ ಲ್ಯಾನ್ ಪೋರ್ಟಿಗೇ ಚುಚ್ಚಿ. ಬಣ್ಣ ಬೇರೆ ಇರುವ ವ್ಯಾನ್ ಪೋರ್ಟಿಗಲ್ಲ. ಜನ ಎಡವುವುದು ಎರಡೇ ಕಡೆ. ಡಿಎಚ್‌ಸಿಪಿ ಆಫ್ ಮಾಡಲು ಮರೆತರೆ ಎರಡೂ ಪೆಟ್ಟಿಗೆ ವಿಳಾಸ ಹಂಚಲು ತೊಡಗಿ, ಮನೆಯ ಅರ್ಧ ಫೋನಿಗೆ ನೆಟ್ ಬರುತ್ತದೆ, ಅರ್ಧಕ್ಕಿಲ್ಲ. ವ್ಯಾನ್ ಪೋರ್ಟಿಗೆ ಚುಚ್ಚಿದರೆ ನೆಟ್ ಬಂದರೂ ಹಿಂದಿನ ಕೋಣೆಯೊಂದು ಬೇರೆಯೇ ಜಾಲವಾಗಿ, ಚಾವಡಿಯ ಫೋನಿನಿಂದ ಹಿಂದಿನ ಕೋಣೆಯ ಪ್ರಿಂಟರ್ ಹುಡುಕಿದರೆ ಸಿಗುವುದಿಲ್ಲ.

ಲ್ಯಾಪ್‌ಟಾಪು ಮೇಜು ಬಿಟ್ಟು ಕದಲುವುದಿಲ್ಲವಾದರೆ ಈ ಎರಡನೇ ರೌಟರೂ ಬೇಡ. ಕೇಬಲ್ಲನ್ನು ಅದಕ್ಕೇ ಚುಚ್ಚಿ ಕೆಲಸ ಮಾಡಿ.

ಪ್ರಶ್ನೆ: ಬೆಂಗಳೂರಿನಲ್ಲಿ ಒಂಬತ್ತನೇ ಮಹಡಿಯ ಮೂರು ಬೆಡ್‌ರೂಮಿನ ಫ್ಲಾಟ್. ಗೋಡೆಗಳೆಲ್ಲ ಕಾಂಕ್ರೀಟ್. ಕೊನೆಯ ರೂಮಿನಲ್ಲಿ ಸಿಗ್ನಲ್ ಇಲ್ಲವೆಂದು ಎಕ್ಸ್‌ಟೆಂಡರ್ ತಂದು ಅದೇ ರೂಮಿನ ಪ್ಲಗ್ಗಿಗೆ ಹಾಕಿದೆ. ಈಗ ಕಡ್ಡಿ ಪೂರ್ತಿ ತೋರಿಸುತ್ತದೆ, ಸ್ಪೀಡ್ ಮಾತ್ರ ಮೊದಲಿನಷ್ಟೇ. ವೈಫೈ ಪಟ್ಟಿ ತೆರೆದರೆ ಅಕ್ಕಪಕ್ಕದವರದು ಮೂವತ್ತು-ನಲವತ್ತು ಹೆಸರು. ಮೆಶ್ ಕೊಳ್ಳಬೇಕಾ?
— ಬೆಂಗಳೂರಿನ ಓದುಗರು

ಉತ್ತರ: ಎಕ್ಸ್‌ಟೆಂಡರ್ ಕೇಳಿಸಿಕೊಂಡದ್ದನ್ನೇ ಮತ್ತೆ ಹೇಳುವ ಪೆಟ್ಟಿಗೆ. ಕೇಳಿಸದ ರೂಮಿನಲ್ಲಿ ಅದನ್ನು ಕೂರಿಸಿದರೆ ಅದಕ್ಕೂ ಕೇಳಿಸುವುದಿಲ್ಲ. ನಿಮ್ಮ ಫೋನಿನ ಪೂರ್ತಿ ಕಡ್ಡಿ ತೋರಿಸುತ್ತಿರುವುದು ಫೋನಿನಿಂದ ಎಕ್ಸ್‌ಟೆಂಡರ್‌ವರೆಗಿನ ನಾಲ್ಕಡಿಯ ನಂಟನ್ನು. ಅಲ್ಲಿಂದ ರೌಟರ್‌ವರೆಗಿನ ಸೊರಗಿದ ನಂಟನ್ನಲ್ಲ. ಫೋನಿನಲ್ಲಿ ಅಳೆಯುತ್ತ ಹಾಲ್‌ನಿಂದ ನಡೆಯಿರಿ, ರೌಟರಿನ ಸಿಗ್ನಲ್ ಮೈನಸ್ 60ರಿಂದ 65ರ ನಡುವೆ ಇರುವ ಜಾಗದಲ್ಲಿ ಎಕ್ಸ್‌ಟೆಂಡರ್ ಹಾಕಿ. ಪ್ಯಾಸೇಜಿನಲ್ಲಿ, ರೂಮಿನ ಬಾಗಿಲಿಗೆ ನೇರವಾಗಿ ಒಂದು ಪ್ಲಗ್ ಇದ್ದರೆ ಅದೇ ಸೂಕ್ತ ಜಾಗ. ಆಗಲೂ ಕೇಳುವುದು, ಹೇಳುವುದು ಎರಡೂ ಒಂದೇ ಚಾನೆಲ್ಲಿನಲ್ಲಿ ಸರದಿಯಂತೆ ನಡೆಯುವುದರಿಂದ ಸ್ಪೀಡ್ ಅರ್ಧಕ್ಕೆ ಇಳಿಯುತ್ತದೆ. ಮೀಟಿಂಗಿಗೆ ಅಷ್ಟಾದರೂ ಸಾಕು.

ಅಲ್ಯೂಮಿನಿಯಂ ಅಚ್ಚು ನಿಲ್ಲಿಸಿ ಎರಕ ಹೊಯ್ಯುವ ಮೈವಾನ್ ಕಟ್ಟಡಗಳಲ್ಲಿ ಒಳಗೋಡೆಯೂ ಕಾಂಕ್ರೀಟೇ, ಒಳಗೆ ಕಬ್ಬಿಣದ ಜಾಲರಿ. ಇಟ್ಟಿಗೆ ಗೋಡೆಗೆ ಹೊಂದುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ವೈಫೈ ಸಾಮಾನ್ಯವಾಗಿ ಓಡುವುದು 2.4, 5 ಗಿಗಾಹರ್ಟ್ಸ್ ಎಂಬ ಎರಡು ಅಲೆಪಟ್ಟಿಗಳಲ್ಲಿ; 5 ಗಿಗಾಹರ್ಟ್ಸ್ ಅಂತೂ ಒಂದು ಗೋಡೆಗೇ ಸುಸ್ತಾಗಿ, ಎರಡನೆಯದಕ್ಕೆ ನಿಂತುಹೋಗುತ್ತದೆ. ಆದರೆ ನಿಮ್ಮಂಥ ಫ್ಲಾಟುಗಳಲ್ಲಿ ಮರೆತುಹೋದ ಒಂದು ಸೌಕರ್ಯ ಇರುತ್ತದೆ: ಬೆಡ್‌ರೂಮಿನ ಟಿವಿ ಪಾಯಿಂಟ್, ಟೆಲಿಫೋನ್ ಪಾಯಿಂಟ್. ಆ ಮುಖಫಲಕ ಬಿಚ್ಚಿ ನೋಡಿ. ಒಳಗಿನ ಪೈಪು ಬಾಗಿಲ ಬಳಿಯ ಡಬ್ಬಿಯವರೆಗೆ ಹೋಗಿರುತ್ತದೆ. ಟೆಲಿಫೋನ್ ವಯರಿನ ತುದಿಗೆ ಕ್ಯಾಟ್ 6 ಕೇಬಲ್ ಗಟ್ಟಿಯಾಗಿ ಟೇಪು ಸುತ್ತಿ ಕಟ್ಟಿ, ಒಬ್ಬರು ಇತ್ತಲಿಂದ ತಳ್ಳುತ್ತ ಇನ್ನೊಬ್ಬರು ಅತ್ತಲಿಂದ ಎಳೆದರೆ ಹಳೆಯದು ಹೊರಬಂದು ಹೊಸದು ಒಳಹೋಗುತ್ತದೆ. ಕಟ್ಟಿದ ಗಂಟು ದಪ್ಪವಾದರೆ ಪೈಪಿನ ತಿರುವಿನಲ್ಲಿ ಸಿಕ್ಕಿಬೀಳುತ್ತದೆ. ಹಾಗಾಗಿ ಕೇಬಲ್ಲಿನ ಹೊರಸಿಪ್ಪೆ ನಾಲ್ಕಿಂಚು ಸುಲಿದು, ಎಳೆಗಳನ್ನಷ್ಟೇ ಓರೆಯಾಗಿ ಜೋಡಿಸಿ ತೆಳ್ಳಗೆ ಕಟ್ಟಿ. ಸ್ವಲ್ಪ ಪಾತ್ರೆ ತೊಳೆಯುವ ಲಿಕ್ವಿಡ್ ಸವರಿದರೆ ಜಾರುತ್ತದೆ. ಕೈ ಹಾಕುವ ಮೊದಲು ಮೇನ್ ಆಫ್ ಮಾಡಿ, ಆ ಪೈಪಿನಲ್ಲಿ ಕರೆಂಟಿನ ವಯರ್ ಇಲ್ಲವೆಂದು ಖಚಿತ ಮಾಡಿಕೊಳ್ಳಿ.

ತಂತಿ ಒಳಗೆ ಹೋಯಿತೆಂದರೆ ಮೆಶ್ (ಒಂದೇ ಹೆಸರಿನ ವೈಫೈಯನ್ನು ಮನೆಯಿಡೀ ಹಬ್ಬಿಸುವ ಪೆಟ್ಟಿಗೆಗಳ ಸೆಟ್) ಕೊಳ್ಳುವುದರಲ್ಲಿ ಅರ್ಥವಿದೆ. ಎರಡು ಪೆಟ್ಟಿಗೆಯದು ಸಾಕು, ಎರಡರ ನಡುವೆ ಆ ಕೇಬಲ್. ತಂತಿಯಿಲ್ಲದೆ ಕಾಂಕ್ರೀಟಿನ ಆಚೀಚೆ ಕೂರಿಸಿದ ಮೆಶ್ ಎಷ್ಟೇ ಬೆಲೆಯದಾದರೂ ನಿಮ್ಮ ಎಕ್ಸ್‌ಟೆಂಡರಿನ ದೊಡ್ಡಣ್ಣ, ಅಷ್ಟೆ.

ನೆರೆಹೊರೆಯ ನಲವತ್ತು ಹೆಸರುಗಳ ವಿಷಯ: 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ ಮೂರೇ, 1, 6, 11. ನಡುವಿನ 3 ಅಥವಾ 8 ಖಾಲಿ ಕಂಡಿತೆಂದು ಅಲ್ಲಿ ಹೋಗಿ ಕೂರಬೇಡಿ, ಎರಡೂ ಕಡೆಯವರ ಗದ್ದಲ ನಿಮಗೇ. ಚಾನೆಲ್ಲಿನ ಅಗಲ 20 ಮೆಗಾಹರ್ಟ್ಸ್ ಇರಲಿ; 40 ಇಟ್ಟರೆ ನಿಮಗೂ ಸುಖವಿಲ್ಲ, ಪಕ್ಕದವರಿಗೂ ಇಲ್ಲ. ಲ್ಯಾಪ್‌ಟಾಪನ್ನು 5 ಗಿಗಾಹರ್ಟ್ಸ್‌ಗೆ ಕಟ್ಟಿಹಾಕಿ. ಅಲ್ಲಿ 36ರಿಂದ 48, 149ರಿಂದ 161 ನೆಚ್ಚಬಹುದಾದ ಚಾನೆಲ್‌ಗಳು. 52ರಿಂದ 144ರವರೆಗಿನವು ರೇಡಾರ್ ಜತೆ ಹಂಚಿಕೊಂಡವು. ರೇಡಾರ್ ದನಿ ಕೇಳಿಸಿತೆಂದರೆ ರೌಟರ್ ಕೂಡಲೇ ಚಾನೆಲ್ ಬಿಡಬೇಕು, ಆಗ ಕಾಲ್ ಕಡಿಯುತ್ತದೆ. ವಿಮಾನ ನಿಲ್ದಾಣದ ಸುತ್ತಮುತ್ತ ಇರುವವರಿಗೆ ಇದು ಹೆಚ್ಚು ಅನುಭವಕ್ಕೆ ಬರಬಹುದು.

ಇನ್ನೊಂದು ಮಾತು. ರೂಮಿನಲ್ಲಿ ಹೊಸ ಪೆಟ್ಟಿಗೆ ಕೂರಿಸಿದ ಮೇಲೂ ಲ್ಯಾಪ್‌ಟಾಪು ಹಾಲ್‌ನ ಹಳೆಯ ಸಿಗ್ನಲ್ಲಿಗೇ ಅಂಟಿಕೊಂಡಿರುವುದುಂಟು. ಇಂಟೆಲ್ ಕಾರ್ಡ್ ಇದ್ದರೆ ಡಿವೈಸ್ ಮ್ಯಾನೇಜರ್‌ನಲ್ಲಿ ವೈಫೈ ಕಾರ್ಡಿನ ಅಡ್ವಾನ್ಸ್ಡ್ ಪುಟ ತೆರೆದು ‘ರೋಮಿಂಗ್ ಅಗ್ರೆಸಿವ್‌ನೆಸ್’ ಒಂದು ಮೆಟ್ಟಿಲು ಏರಿಸಿ. ಕೊನೆಯ ಮೆಟ್ಟಿಲಿಗೆ ಒಯ್ದರೆ ಸುಮ್ಮಸುಮ್ಮನೆ ಅತ್ತಿತ್ತ ಜಿಗಿಯುತ್ತದೆ. ಹಾಲ್‌ನ ರೌಟರಿನ ಪವರ್ ‘ಮೀಡಿಯಂ’ಗೆ ಇಳಿಸಿದರೂ ಲ್ಯಾಪ್‌ಟಾಪು ಹಳೆಯದನ್ನು ಬಿಟ್ಟು ರೂಮಿನ ಪೆಟ್ಟಿಗೆಗೆ ಬರುತ್ತದೆ.

ಪ್ರಶ್ನೆ: ಮನ್ಯಾಗ ಇನ್ವರ್ಟರ್ ಐತಿ, ಫ್ಯಾನ್ ನಿಲ್ಲಂಗಿಲ್ಲ. ಆದ್ರ ಕರೆಂಟ್ ಹೋದ ಕೂಡ್ಲೆ ನಾ ಮೀಟಿಂಗ್‌ದಿಂದ ಹೊರಗ ಬೀಳ್ತೀನಿ, ನೆಟ್ ತಿರುಗಿ ಬರಾಕ ಮೂರು ನಿಮಿಷ ಹಿಡಿತದ. ಕರೆಂಟ್ ಬಂದಾಗ ಮತ್ತ ಅದ ಕತಿ. ಯಾಕ್ರಿ ಹಿಂಗ?
— ಹುಬ್ಬಳ್ಳಿಯ ಓದುಗರು

ಉತ್ತರ: ಮೇನ್‌ನಿಂದ ಬ್ಯಾಟರಿಗೆ ದಾಟುವಾಗ ಇನ್ವರ್ಟರ್ ಕಣ್ಣು ಮಿಟುಕಿಸುವಷ್ಟು ಹೊತ್ತು ತೆಗೆದುಕೊಳ್ಳುತ್ತದೆ. ತಿರುಗುವ ಫ್ಯಾನಿಗೆ ಅದು ಗೊತ್ತಾಗುವುದೇ ಇಲ್ಲ, ರೌಟರಿಗೆ ಅಷ್ಟು ಸಾಕು ಸತ್ತು ಹುಟ್ಟಲು. ಇನ್ವರ್ಟರಿನ ಹಿಂದೆ ಅಥವಾ ಬದಿಯಲ್ಲಿ ‘ಯುಪಿಎಸ್’ ಮತ್ತು ‘ನಾರ್ಮಲ್’ (ಕೆಲವದರಲ್ಲಿ ‘ಇಕೋ’) ಎಂಬ ಸ್ವಿಚ್ ಇದೆಯೇ ಹುಡುಕಿ. ಯುಪಿಎಸ್‌ಗೆ ತಳ್ಳಿದರೆ ಬೇಗ ದಾಟುತ್ತದೆ. ಆದರೆ ಆ ಸ್ಥಿತಿಯಲ್ಲಿ ವೋಲ್ಟೇಜ್ ಸ್ವಲ್ಪ ಇಳಿದರೂ ಬ್ಯಾಟರಿಗೆ ಹೋಗುವುದರಿಂದ, ಬೇಸಿಗೆಯಲ್ಲಿ ಲೋ ವೋಲ್ಟೇಜ್ ಇರುವ ಓಣಿಗಳಲ್ಲಿ ಬ್ಯಾಟರಿ ಬೇಗ ಬಸವಳಿಯುತ್ತದೆ.

ಅದರಿಂದಲೂ ನಿಲ್ಲದಿದ್ದರೆ ರೌಟರಿಗೇ ಮೀಸಲಾದ ಮಿನಿ ಯುಪಿಎಸ್ ಹಾಕಿ. ಇದು ಅಡಾಪ್ಟರ್ ಮತ್ತು ರೌಟರ್ ನಡುವೆ ಕೂರುತ್ತದೆ, ದಾಟುವ ಹೊತ್ತು ಎಂಬುದೇ ಇರುವುದಿಲ್ಲ. ಕೊಳ್ಳುವ ಮೊದಲು ರೌಟರಿನ ಅಡಾಪ್ಟರ್ ಮೇಲಿನ ಅಕ್ಷರ ಓದಿ: 12 ವೋಲ್ಟ್ 1 ಆಂಪಿಯರ್, ಒಂದೂವರೆ, ಇಲ್ಲವೇ 2. ವೋಲ್ಟ್ ಅಷ್ಟೇ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಹೆಚ್ಚು. 9 ವೋಲ್ಟಿನ ರೌಟರಿಗೆ 12 ಕೊಟ್ಟರೆ ಸುಟ್ಟೀತು. ಪಿನ್ನಿನ ನಡುವೆ ಪ್ಲಸ್ ಇರುವ ಚಿತ್ರವೂ ಎರಡರಲ್ಲಿ ಹೊಂದಬೇಕು. ಫೈಬರ್ ಪೆಟ್ಟಿಗೆ ಬೇರೆ, ರೌಟರ್ ಬೇರೆ ಇದ್ದರೆ ಎರಡಕ್ಕೂ ಬೇಕು. ಒಂದಕ್ಕೇ ಹಾಕಿ ‘ಕೆಲಸ ಮಾಡೋದಿಲ್ಲ’ ಎಂದು ಅಂಗಡಿಗೆ ವಾಪಸ್ ಒಯ್ಯುವವರೇ ಬಹಳ.

ಪೆಟ್ಟಿಗೆಯ ಮೇಲಿನ 10,400 ಎಂಎಎಚ್ ಎಂಬ ದೊಡ್ಡ ಅಂಕಿ ನೋಡಿ ಮೋಸಹೋಗಬೇಡಿ. ಅದು ಒಳಗಿನ 3.7 ವೋಲ್ಟಿನ ಸೆಲ್ಲುಗಳ ಲೆಕ್ಕ. ಗುಣಿಸಿದರೆ ಸುಮಾರು 38 ವ್ಯಾಟ್-ಅವರ್, 12 ವೋಲ್ಟಿಗೆ ಏರಿಸುವಾಗ ಸೋರಿ ಉಳಿಯುವುದು 32ರಷ್ಟು. 8 ವ್ಯಾಟ್ ತಿನ್ನುವ ರೌಟರ್ ನಾಲ್ಕು ತಾಸು ನಡೆದೀತು.

ಮಿನಿ ಯುಪಿಎಸ್ ಹಾಕಿದ ಮೇಲೂ ಕರೆಂಟ್ ಹೋದಾಗ ಎಲ್‌ಒಎಸ್ ದೀಪ ಕೆಂಪಗೆ ಮಿಣುಕಿದರೆ ತಪ್ಪು ನಿಮ್ಮದಲ್ಲ. ಓಣಿಯ ಕಂಬದಲ್ಲಿರುವ ಸ್ಪ್ಲಿಟರಿಗೆ (ಫೈಬರಿನ ಬೆಳಕನ್ನು ಮನೆಮನೆಗೆ ಹಂಚುವ ಡಬ್ಬಿ) ಕರೆಂಟ್ ಬೇಡ. ಅದರ ಆಚೆ ಆಪರೇಟರ್ ಬಳಿ ಇರುವ, ಬೆಳಕು ಕಳಿಸುವ ಒಎಲ್‌ಟಿ ಯಂತ್ರಕ್ಕೆ ಬೇಕು, ಅಲ್ಲಿಯ ಬ್ಯಾಟರಿ ಕೈಕೊಟ್ಟಿರುತ್ತದೆ. ಅವರಿಗೆ ಹೇಳುವಾಗ ‘ನೆಟ್ ಇಲ್ಲ’ ಎನ್ನದೆ ‘ಕರೆಂಟ್ ಹೋದಾಗ ಎಲ್‌ಒಎಸ್ ಕೆಂಪು’ ಎಂದೇ ಹೇಳ್ರಿ.

ಪ್ರಶ್ನೆ: ಮನೆಯಿಂದ ಸುಮಾರು 150 ಮೀಟರ್ ದೂರದಲ್ಲಿ, ಅಡಕೆ ತೋಟದ ಆಚೆ ದಂಡೆಯ ಮೇಲೆ ಚಿಕ್ಕ ಮನೆ ಕಟ್ಟಿದ್ದೇವೆ. ಮಗಳು ಅಲ್ಲಿ ಕೂತು ಆಫೀಸ್ ಕೆಲಸ ಮಾಡಬೇಕಂತೆ. ಲ್ಯಾನ್ ಕೇಬಲ್ ಹೂಳಿಸಬಹುದೇ? ವೈರ್‌ಲೆಸ್ ಸೆಟ್ ಹಾಕಿದರೆ ಆಗುತ್ತದೆ ಎಂದು ಅಂಗಡಿಯವರು ಹೇಳುತ್ತಾರೆ.
— ತೀರ್ಥಹಳ್ಳಿಯ ಓದುಗರು

ಉತ್ತರ: ಲ್ಯಾನ್ ಕೇಬಲ್ ಬೇಡ. 100 ಮೀಟರಿನ ಮಿತಿ ಒಂದು ಕಾರಣ. ದೊಡ್ಡ ಕಾರಣ ಸಿಡಿಲು. ಎರಡು ಕಟ್ಟಡಗಳ ನಡುವೆ ತಾಮ್ರ ಎಳೆದರೆ, ನೇರ ಬಡಿಯಬೇಕೆಂದಿಲ್ಲ, ಹತ್ತಿರದ ಮರಕ್ಕೆ ಬಿದ್ದ ಸಿಡಿಲೂ ಆ ತಂತಿಯಲ್ಲಿ ಹರಿದು ಎರಡೂ ಕಡೆಯ ಪೆಟ್ಟಿಗೆ ಸುಡಬಲ್ಲದು. ಏಪ್ರಿಲ್-ಮೇ ತಿಂಗಳ ಗುಡುಗು ಮಳೆಯನ್ನು ಮಲೆನಾಡಿನವರಿಗೆ ನಾವು ವಿವರಿಸಬೇಕಾಗಿಲ್ಲ.

ವೈರ್‌ಲೆಸ್ ಸೆಟ್ ಎಂದರೆ 5 ಗಿಗಾಹರ್ಟ್ಸ್‌ನ ಒಂದು ಜೊತೆ ಆಂಟೆನಾ. ಒಂದಕ್ಕೊಂದು ಕಾಣುವಂತಿದ್ದರೆ 150 ಮೀಟರ್ ಅದಕ್ಕೆ ಏನೂ ಅಲ್ಲ. ಆದರೆ ಬರೀ ಕಂಡರೆ ಸಾಲದು. ನೋಟದ ಗೆರೆಯ ಸುತ್ತ ನಡುದಾರಿಯಲ್ಲಿ ಒಂದೂವರೆ ಮೀಟರಿನಷ್ಟು ಜಾಗ ಎಲ್ಲ ದಿಕ್ಕಿಗೂ ಖಾಲಿ ಬೇಕು. ತೋಟದ ಮೇಲೆ ಹಾಯಿಸಬೇಕೆಂದರೆ ಆಂಟೆನಾಗಳು ಅಡಕೆ ಮರದ ಚಂಡೆಗಿಂತ ಅಷ್ಟು ಮೇಲಿರಬೇಕು, ಅಷ್ಟೆತ್ತರದ ಕಂಬ ಯಾರು ನಿಲ್ಲಿಸುತ್ತಾರೆ? ಮರಗಳ ನಡುವೆ ಹಾಯಿಸಿದರೆ ಬೇಸಿಗೆಯಲ್ಲಿ ನಡೆದೀತು, ಜೂನಿನಲ್ಲಿ ಸೋಗೆ ನೆನೆದು ತೂಗತೊಡಗಿದಾಗ ಕಟ್ಟಾಗುತ್ತದೆ. ಅಂಗಡಿಯವರ ಮಾತು ಬಯಲುಸೀಮೆಗೆ ಸರಿ.

ನಿಮಗೆ ಹೇಳಿ ಮಾಡಿಸಿದ್ದು ಫೈಬರ್. ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲ. ಬೇಕಾದದ್ದು ಎರಡು ಎಳೆಯ ಸಿಂಗಲ್‌ಮೋಡ್ ಡ್ರಾಪ್ ಕೇಬಲ್ 180 ಮೀಟರಿನಷ್ಟು, ಗಿಗಾಬಿಟ್ ಮೀಡಿಯಾ ಕನ್ವರ್ಟರ್ (ಲ್ಯಾನ್ ಕೇಬಲ್ಲಿನ ಸಂಕೇತವನ್ನು ಬೆಳಕಾಗಿ, ಬೆಳಕನ್ನು ಮತ್ತೆ ಸಂಕೇತವಾಗಿ ಬದಲಿಸುವ ಪೆಟ್ಟಿಗೆ) ಒಂದು ಜೊತೆ, ಎರಡು ಗಿಡ್ಡ ಲ್ಯಾನ್ ಕೇಬಲ್, ಅಲ್ಲಿಗೊಂದು ರೌಟರ್. ಕನ್ವರ್ಟರ್ ಕೊಳ್ಳುವಾಗ ಒಂದರ ಮೇಲೆ ‘ಎ’, ಇನ್ನೊಂದರ ಮೇಲೆ ‘ಬಿ’ ಇರುವ ಜೊತೆಯನ್ನೇ ಕೇಳಿ. ಒಂದು 1310 ನ್ಯಾನೋಮೀಟರಿನ ಬೆಳಕು ಕಳಿಸಿ 1550ರದ್ದನ್ನು ಕೇಳುತ್ತದೆ, ಇನ್ನೊಂದು ತಿರುವುಮುರುವು. ಹಾಗಾಗಿ ಒಂದೇ ಎಳೆಯಲ್ಲಿ ಹೋಗಿಬರುವ ಕೆಲಸ ಎರಡೂ ಆಗುತ್ತದೆ. ಎರಡು ‘ಎ’ ತಂದರೆ ದೀಪವೇ ಹೊತ್ತುವುದಿಲ್ಲ. ಎರಡನೇ ಎಳೆ ಮುಂದೊಂದು ದಿನ ಮೊದಲನೆಯದು ತುಂಡಾದರೆ ಇರಲಿ. ತುದಿಗಳಿಗೆ ಕನೆಕ್ಟರ್ ಬೆಸೆಯುವುದನ್ನು ನಿಮ್ಮೂರಿನ ಕೇಬಲ್ ಹುಡುಗರು ಮಾಡಿಕೊಡುತ್ತಾರೆ. ಕನ್ವರ್ಟರಿಗೆ ಸಾಮಾನ್ಯವಾಗಿ ನೀಲಿ ಬಣ್ಣದ ಕನೆಕ್ಟರ್ ಬೇಕು. ಮನೆಯ ಫೈಬರ್ ಪೆಟ್ಟಿಗೆಯದು ಹಸಿರು, ತುದಿಯನ್ನು ಓರೆಯಾಗಿ ಉಜ್ಜಿದ್ದು. ಹಸಿರನ್ನು ನೀಲಿಯ ಗುಂಡಿಗೆ ಚುಚ್ಚಿದರೆ ಕೂರುತ್ತದೆ, ಆದರೆ ತುದಿಗಳು ಸರಿಯಾಗಿ ಮುಟ್ಟದೆ ಬೆಳಕು ನಷ್ಟವಾಗುತ್ತದೆ.

ಡ್ರಾಪ್ ಕೇಬಲ್ಲಿನ ಬದಿಗೆ ಎಳೆದು ಕಟ್ಟಲೆಂದು ಉಕ್ಕಿನ ತಂತಿ ಇರುತ್ತದೆ. ಅದು ವಿದ್ಯುತ್ ಒಯ್ಯುತ್ತದೆ, ಆದ್ದರಿಂದ ಎರಡೂ ಮನೆಯ ಹೊರಗೋಡೆಗೇ ಅದನ್ನು ಸೀಳಿ ಬೇರ್ಪಡಿಸಿ ಕತ್ತರಿಸಿಬಿಡಿ; ಒಳಗೆ ಬರುವುದು ಗಾಜಿನ ಎಳೆಯ ಪಟ್ಟಿ ಮಾತ್ರ. ತೋಟದ ಮೇಲಿಂದ ಮರದಿಂದ ಮರಕ್ಕೆ ಕಟ್ಟುವುದು ಸುಲಭ, ಆದರೆ ಬೀಳುವ ಸೋಗೆ, ಕೊಯ್ಲಿನ ಹೊತ್ತಿನಲ್ಲಿ ಇಳಿಯುವ ಗೊನೆ ಎರಡೂ ಅದರ ಮೇಲೇ. ಒಂದಿಂಚಿನ ಕಪ್ಪು ಎಚ್‌ಡಿಪಿಇ ಪೈಪಿನೊಳಗೆ ಹಾಕಿ, ತೋಟದ ಬಸಿಗಾಲುವೆಗಳನ್ನು ತಪ್ಪಿಸಿ ಎರಡಡಿ ಆಳಕ್ಕೆ ಹೂಳಿ. ಹಂದಿ ಒಕ್ಕುವ ಜಾಗವಾದರೆ ಇನ್ನೂ ಅರ್ಧ ಅಡಿ. ಹೋದ ದಾರಿಯ ಚಿತ್ರ ಬರೆದಿಡಿ, ಬರುವ ವರ್ಷ ಗೊಬ್ಬರದ ಗುಂಡಿ ತೆಗೆಯುವವರ ಹಾರೆಗೆ ಅದು ಗೊತ್ತಿರುವುದಿಲ್ಲ.

ಪ್ರಶ್ನೆ: ರೌಟರ್ ಪಕ್ಕದಲ್ಲೇ ಕೂರುತ್ತೇನೆ. ಸ್ಪೀಡ್ ಟೆಸ್ಟ್ 90 ತೋರಿಸುತ್ತದೆ. ಆದರೂ ಸಂಜೆ ಮನೆಯವರೆಲ್ಲ ಬಂದ ಮೇಲೆ ನನ್ನ ದನಿ ಆಚೆಯವರಿಗೆ ತುಂಡುತುಂಡಾಗಿ ಕೇಳಿಸುತ್ತದಂತೆ.
— ಮೈಸೂರಿನ ಓದುಗರು

ಉತ್ತರ: ನಿಮಗೆ ಅವರ ದನಿ ಸರಿಯಾಗಿ ಕೇಳಿ, ನಿಮ್ಮದು ಅವರಿಗೆ ಕೇಳದಿದ್ದರೆ ಅಪ್‌ಲೋಡ್ ದಾರಿ ತುಂಬಿದೆ ಎಂದೇ ಹಿಡಿಯಿರಿ. ಮನೆಗೆ ಬಂದ ಫೋನುಗಳೆಲ್ಲ ವೈಫೈ ಸಿಕ್ಕ ಕೂಡಲೇ ದಿನವಿಡೀ ತೆಗೆದ ಫೋಟೊ, ವಿಡಿಯೊಗಳನ್ನು ಬ್ಯಾಕಪ್‌ಗೆ ಕಳಿಸತೊಡಗುತ್ತವೆ. ರೌಟರ್ ಅವನ್ನೆಲ್ಲ ಸಾಲಿನಲ್ಲಿ ನಿಲ್ಲಿಸುತ್ತದೆ, ನಿಮ್ಮ ಮಾತಿನ ಚೂರೂ ಆ ಸಾಲಿನ ಬಾಲದಲ್ಲಿ. ಪಿಂಗ್ 8.8.8.8ಕ್ಕೆ ಓಡಿಸಿಟ್ಟು, ಫೋನಿನಿಂದ ದೊಡ್ಡ ವಿಡಿಯೊವೊಂದನ್ನು ಕಳಿಸಿ ನೋಡಿ. 20 ಇದ್ದದ್ದು 300, 500 ಆದರೆ ಇದೇ ರೋಗ.

ರೌಟರಿನಲ್ಲಿ ‘ಕ್ಯೂಒಎಸ್’ (ಸಾಲಿನಲ್ಲಿ ಯಾರದು ಮೊದಲು ಹೋಗಬೇಕೆಂದು ಹೇಳುವ ಸೌಕರ್ಯ) ಇದ್ದರೆ ಅಪ್‌ಲೋಡ್ ಮಿತಿಯನ್ನು ಅಳತೆಯಲ್ಲಿ ಬರುವುದರ ನೂರಕ್ಕೆ 85-90ಕ್ಕೆ ಕಟ್ಟಿ, ಆಫೀಸ್ ಲ್ಯಾಪ್‌ಟಾಪಿಗೆ ಮೊದಲ ಆದ್ಯತೆ ಕೊಡಿ. ಮಿತಿ ಕಟ್ಟದೆ ಆದ್ಯತೆ ಮಾತ್ರ ಕೊಟ್ಟರೆ ಸಾಲು ರೌಟರಿನಿಂದಾಚೆ, ನಿಮ್ಮ ಕೈಗೆ ಸಿಗದ ಕಡೆ ಬೆಳೆಯುತ್ತದೆ. ಕ್ಯೂಒಎಸ್ ಇಲ್ಲದ ರೌಟರಾದರೆ ಫೋನುಗಳಲ್ಲಿ ‘ಚಾರ್ಜಿಂಗ್‌ನಲ್ಲಿದ್ದಾಗ ಮಾತ್ರ ಬ್ಯಾಕಪ್’ ಎಂಬ ಆಯ್ಕೆ ಇದೆಯೇ ಹುಡುಕಿ. ರಾತ್ರಿ ಮಲಗುವಾಗ ಚಾರ್ಜಿಗೆ ಹಾಕಿದ ಮೇಲೆ ಅವು ಬೇಕಾದಷ್ಟು ಕಳಿಸಲಿ.

ಚುಟುಕಾಗಿ

*ಬ್ಲೂಟೂತ್ ಹೆಡ್‌ಫೋನ್ ಹಾಕಿದರೆ ಮಾತ್ರ ದನಿ ಕಡಿಯುತ್ತದೆ (ಉಡುಪಿ).* ಬ್ಲೂಟೂತ್ ಓಡಾಡುವುದೂ 2.4 ಗಿಗಾಹರ್ಟ್ಸ್‌ನಲ್ಲೇ. ಲ್ಯಾಪ್‌ಟಾಪನ್ನು 5ಕ್ಕೆ ಬದಲಿಸಿ. ಯುಎಸ್‌ಬಿ 3 ಹಾರ್ಡ್‌ಡಿಸ್ಕ್ ಪಕ್ಕದಲ್ಲಿ ಚುಚ್ಚಿದ್ದರೆ ತೆಗೆದು ನೋಡಿ, ಅದರ ಗದ್ದಲವೂ ಇದೇ ಪಟ್ಟಿಯಲ್ಲಿ ಬೀಳುತ್ತದೆ.

*ಮೇಲಿನ ಮಹಡಿಗೆ ಸಿಗ್ನಲ್ ಏರಬೇಕಾದರೆ ಆಂಟೆನಾ ಮೇಲಕ್ಕೆ ತೋರಿಸಬೇಕೇ (ದಾವಣಗೆರೆ)?* ತಿರುವುಮುರುವು. ಕಡ್ಡಿಯ ತುದಿಯಿಂದ ಸಿಗ್ನಲ್ ಹೊರಡುವುದಿಲ್ಲ, ಕಡ್ಡಿಯ ಸುತ್ತ ಉದ್ದಿನ ವಡೆಯ ಆಕಾರದಲ್ಲಿ ಹಬ್ಬುತ್ತದೆ. ನೆಟ್ಟಗೆ ನಿಂತ ಕಡ್ಡಿ ಅದೇ ಮಹಡಿಗೆ ಒಳ್ಳೆಯದು. ಎರಡಿದ್ದರೆ ಒಂದನ್ನು ನಿಲ್ಲಿಸಿ, ಒಂದನ್ನು ಮಲಗಿಸಿ.

*ರೌಟರ್ ಹಿಂದೆ ಅಲ್ಯೂಮಿನಿಯಂ ಫಾಯಿಲ್ ಕಟ್ಟಿದರೆ (ಕಲಬುರಗಿ)?* ಒಂದು ದಿಕ್ಕಿಗೆ ತುಸು ಹೆಚ್ಚೀತು, ಇನ್ನೊಂದು ದಿಕ್ಕಿನವರಿಗೆ ಕೊಡಲಿಪೆಟ್ಟು. ಗಾಳಿಯ ತೂತು ಮುಚ್ಚಿದರೆ ಪೆಟ್ಟಿಗೆ ಕಾಯುತ್ತದೆ, ನಿಮ್ಮೂರಿನ ಬಿಸಿಲಿಗಂತೂ ಬೇಡವೇ ಬೇಡ.

*ವೈಫೈ 7 ರೌಟರ್ ಕೊಳ್ಳಲೇ (ಬೆಳಗಾವಿ)?* ಲ್ಯಾಪ್‌ಟಾಪು ವೈಫೈ 5ರದ್ದು ಎಂದು ಬರೆದಿದ್ದೀರಿ. ರೌಟರ್ 7ರದ್ದಾದರೂ ಎರಡೂ ಮಾತಾಡುವುದು 5ರ ಭಾಷೆಯಲ್ಲೇ. ಆ ದುಡ್ಡಿನಲ್ಲಿ ಮೂವತ್ತು ಮೀಟರ್ ಕ್ಯಾಟ್ 6, ಒಂದು ಸಾದಾ ಆಕ್ಸೆಸ್ ಪಾಯಿಂಟ್ ಬಂದು, ಎಲೆಕ್ಟ್ರಿಷಿಯನ್ ಕೂಲಿಗೂ ಉಳಿಯುತ್ತದೆ.